1918ರ ಆ ಸಭೆ ಉಳಿದಿದ್ದರೆ? ಬೋಲ್ಶೆವಿಕರಿಲ್ಲದ ರಷ್ಯಾ ಹೇಗಿರುತ್ತಿತ್ತು

ತುಂಗಾತೀರ

ರಷ್ಯಾದ ಬಗ್ಗೆ "ಹೀಗಾಗಿದ್ದರೆ ಏನಾಗುತ್ತಿತ್ತು" ಅನ್ನುವ ಮಾತು ಬಂದಾಗೆಲ್ಲ ನಾವು ನೆನೆಯುವುದು ಇಬ್ಬರನ್ನೇ. ಲೆನಿನ್, ಇಲ್ಲಾ ತ್ಸಾರ್. ಲೆನಿನ್ ಬರದಿದ್ದರೆ ತ್ಸಾರ್ ಉಳಿಯುತ್ತಿದ್ದ ಅನ್ನೋ ಹಾಗೆ ವಾದ ಮಾಡುತ್ತೇವೆ. ಇದು ತಪ್ಪು. ಲೆನಿನ್ ಸ್ವಿಟ್ಜರ್ಲೆಂಡಿನಲ್ಲಿ ರೈಲು ಹತ್ತುವ ಮೊದಲೇ ತ್ಸಾರ್ ಎರಡನೇ ನಿಕೊಲಾಯ್ ಪಟ್ಟ ಬಿಟ್ಟಾಗಿತ್ತು, 1917ರ ಮಾರ್ಚ್ 15ಕ್ಕೆ. (ನಾನು ಎಲ್ಲಾ ಕಡೆ ಈಗಿನ ಕ್ಯಾಲೆಂಡರಿನ ತಾರೀಖು ಹಾಕುತ್ತಿದ್ದೇನೆ.)

ಹಾಗಾಗಿ ನನ್ನ ಪ್ರಶ್ನೆ ಬೇರೆ. ನವೆಂಬರ್ 7ಕ್ಕೆ ಬೋಲ್ಶೆವಿಕರು, ಅಂದರೆ ಲೆನಿನ್ ಪಕ್ಷದವರು, ಅಧಿಕಾರ ಹಿಡಿದರು. ಅದಾಗಿ ಮೂರು ವಾರದೊಳಗೆ, ನವೆಂಬರ್ 25ಕ್ಕೆ, ಸಂವಿಧಾನ ಸಭೆಯ ಚುನಾವಣೆ ಶುರುವಾಯಿತು. 4 ಕೋಟಿಗೂ ಹೆಚ್ಚು ಜನ ಮತ ಹಾಕಿದರು. ಹೆಂಗಸರೂ ಹಾಕಿದರು, ಬ್ರಿಟನ್ನಿಗಿಂತ, ಅಮೆರಿಕಕ್ಕಿಂತ ಮೊದಲು. ಬೋಲ್ಶೆವಿಕರಿಗೆ ಬಿದ್ದದ್ದು ಕಾಲು ಭಾಗಕ್ಕಿಂತ ಸ್ವಲ್ಪ ಕಮ್ಮಿ. ಸಮಾಜವಾದಿ ಕ್ರಾಂತಿಕಾರಿಗಳಿಗೆ, ಅಂದರೆ ಎಸ್‌ಆರ್ ಪಕ್ಷಕ್ಕೆ, ಸುಮಾರು ನೂರಕ್ಕೆ 40. ಹೆಸರು ಕೇಳಿ ಇವರೂ ಕಮ್ಯುನಿಸ್ಟರೇ ಅಂದುಕೊಳ್ಳಬೇಡಿ. ಇದು ಹಳ್ಳಿಯ ಪಕ್ಷ. ಉಳುವವನ ಕೈಗೆ ಭೂಮಿ ಅನ್ನೋದು ಇವರ ಮುಖ್ಯ ಮಾತು.

ಆ ಸಭೆ 1918ರ ಜನವರಿ 18ಕ್ಕೆ ಆಗಿನ ರಾಜಧಾನಿ ಪೆಟ್ರೋಗ್ರಾದಿನ (ಈಗಿನ ಸೇಂಟ್ ಪೀಟರ್ಸ್‌ಬರ್ಗ್) ತವ್ರೀದ ಅರಮನೆಯಲ್ಲಿ ಸೇರಿತು. ಸಭೆಯ ಪರವಾಗಿ ಬೀದಿಗಿಳಿದಿದ್ದ ಜನರ ಮೇಲೆ ಅವತ್ತೇ ಗುಂಡು ಹಾರಿತ್ತು. ಎಸ್‌ಆರ್ ನಾಯಕ ವಿಕ್ತರ್ ಚೆರ್ನೋವ್ 244 ಮತ ಪಡೆದು ಅಧ್ಯಕ್ಷನಾದ. ಸುತ್ತ ಬಂದೂಕು ಹಿಡಿದ ನಾವಿಕರು. ಮರುದಿನ ಬೆಳಗಿನ ಜಾವ 5 ಗಂಟೆಯೊಳಗೆ ಝೆಲೆಜ್ನ್ಯಾಕೋವ್ ಅನ್ನುವ ನಾವಿಕ ವೇದಿಕೆಗೆ ಬಂದು, ಕಾವಲಿನವರಿಗೆ ಸುಸ್ತಾಗಿದೆ, ಹೊರಡಿ ಅಂದ. ಚೆರ್ನೋವ್ ಅವಸರ ಅವಸರವಾಗಿ ಭೂಮಿ ಕಾಯ್ದೆ ಓದಿ ಮತಕ್ಕೆ ಹಾಕಿದ. ರಷ್ಯಾ ಒಂದು ಒಕ್ಕೂಟ ಗಣರಾಜ್ಯ ಅಂತ ಸಾರಿದ. ಎಲ್ಲರೂ ಎದ್ದು ಹೋದರು. ಮತ್ತೆ ಬಂದಾಗ ಬಾಗಿಲಿಗೆ ಬೀಗ.

ಆ ಬೀಗ ಬೀಳದೇ ಹೋಗಿದ್ದರೆ, ಮೊದಲ ಮಹಾಯುದ್ಧ ಮುಗಿದ ಮೇಲಿನ ರಷ್ಯಾ ಹೇಗಿರುತ್ತಿತ್ತು? ಇದರ ಬಗ್ಗೆ ಮಾತಾಡೋಣ. ತ್ಸಾರ್ ಬೇಡ, ದಯವಿಟ್ಟು.

ಹಳೇಪೇಟೆ

ಪ್ರಶ್ನೆ ಒಳ್ಳೆಯದು. ಆದರೆ ನನಗೆ ಆಸೆ ಹುಟ್ಟುತ್ತಿಲ್ಲ ಸರ್.

ಮೊದಲನೆಯದು, ಆ ಸಭೆಗೆ ಸೈನ್ಯ ಇರಲಿಲ್ಲ. ಪೆಟ್ರೋಗ್ರಾದ್, ಮಾಸ್ಕೋ ಎರಡರಲ್ಲೂ ಬೋಲ್ಶೆವಿಕರೇ ಮುಂದೆ. ರಾಜಧಾನಿಗೆ ಹತ್ತಿರದ ಉತ್ತರದ ರಣರಂಗ, ಪಶ್ಚಿಮದ ರಣರಂಗ, ಅಲ್ಲಿನ ಸಿಪಾಯಿಗಳ ಮತವೂ ಅವರದ್ದೇ. ಹಳ್ಳಿಯವರು ಮತ ಹಾಕಿ ಮನೆಗೆ ಹೋದರು, ಭೂಮಿ ಹಂಚಿಕೊಳ್ಳುವ ಕೆಲಸ ಕಾದಿತ್ತು. ಸಭೆಯನ್ನು ಕಾಯಲು ಬಂದೂಕು ಹಿಡಿದು ಬರುವವರು ಯಾರು?

ಎರಡನೆಯದು, ಎಸ್‌ಆರ್ ಅನ್ನುವುದು ಒಂದು ಪಕ್ಷವೇ ಆಗಿರಲಿಲ್ಲ. ಎಡ ಎಸ್‌ಆರ್‌ಗಳು ಒಡೆದು ಲೆನಿನ್ ಕಡೆ ಹೋಗಿದ್ದರು. ಅಭ್ಯರ್ಥಿಗಳ ಪಟ್ಟಿ ಮಾತ್ರ ಒಡೆಯುವುದಕ್ಕೆ ಮೊದಲು ಮಾಡಿದ್ದು. ಮತ ಹಾಕಿದವನಿಗೆ ತಾನು ಯಾವ ಎಸ್‌ಆರ್‌ಗೆ ಹಾಕಿದೆ ಅಂತ ಹೇಗೆ ಗೊತ್ತಾಗಬೇಕು?

ಮೂರನೆಯದು, ಆಮೇಲೆ ಆದದ್ದನ್ನೇ ನೋಡಿ. 1918ರ ಜೂನಿನಲ್ಲಿ ಇದೇ ಸಭೆಯ ಸದಸ್ಯರು ವೋಲ್ಗಾ ತೀರದ ಸಮಾರಾದಲ್ಲಿ ಸರ್ಕಾರ ಮಾಡಿದರು. ಅದು ಬೇರೆ ಬೋಲ್ಶೆವಿಕ್ ವಿರೋಧಿಗಳ ಜೊತೆ ಸೇರಿ ಸೈಬೀರಿಯಾದ ಓಮ್ಸ್ಕ್‌ವರೆಗೆ ಹಿಂದೆ ಸರಿಯಿತು. ನವೆಂಬರ್ 18ಕ್ಕೆ ಅಡ್ಮಿರಲ್ ಕೊಲ್ಚಾಕ್‌ನ ಅಧಿಕಾರಿಗಳು ಎಸ್‌ಆರ್ ನಾಯಕರನ್ನು ರಾತ್ರೋರಾತ್ರಿ ಹಿಡಿದರು, ಕೊಲ್ಚಾಕ್ ಸರ್ವಾಧಿಕಾರಿಯಾದ. ಬೋಲ್ಶೆವಿಕರು ಇಲ್ಲದ ಕಡೆಯೂ ಈ ಸಭೆ ಉಳಿಯಲಿಲ್ಲ ಅಲ್ವಾ?

ತುಂಗಾತೀರ

ನೀವು ಹೇಳಿದ ಮೂರೂ ನಿಜ. ಅದಕ್ಕೇ ನಾನು ಇನ್ನೊಂದು ಆರು ತಿಂಗಳು ಹಿಂದೆ ಹೋಗುತ್ತೇನೆ. ಬೀಗ ಬಿದ್ದದ್ದು ಜನವರಿಯಲ್ಲಿ, ಆದರೆ ಕೈ ತಪ್ಪಿದ್ದು 1917ರ ಬೇಸಿಗೆಯಲ್ಲಿ.

ತ್ಸಾರ್ ಹೋದ ಮೇಲೆ ಬಂದ ತಾತ್ಕಾಲಿಕ ಸರ್ಕಾರ ಮೊದಲ ವಾರಗಳಲ್ಲಿ ಎಷ್ಟು ಕೆಲಸ ಮಾಡಿತು ನೋಡಿ. ಮರಣದಂಡನೆ ತೆಗೆಯಿತು. ಯಹೂದಿಗಳು ಇಂಥಲ್ಲೇ ವಾಸ ಮಾಡಬೇಕು ಅನ್ನುವ ಕಟ್ಟುಪಾಡು ತೆಗೆಯಿತು. ಪತ್ರಿಕೆಗಳನ್ನು ಬಿಡುಗಡೆ ಮಾಡಿತು. ಆದರೆ ಹಳ್ಳಿಯವನು ಕೇಳಿದ್ದು ಎರಡೇ. ಯುದ್ಧ ನಿಲ್ಲಿಸಿ, ಭೂಮಿ ಕೊಡಿ. ಈ ಎರಡಕ್ಕೂ "ಸಂವಿಧಾನ ಸಭೆ ಬರಲಿ, ಆಮೇಲೆ ನೋಡೋಣ" ಅಂದರು. ಆ ಸಭೆಯ ಚುನಾವಣೆಯನ್ನು ಸೆಪ್ಟೆಂಬರ್ ಕೊನೆಗೆ ಇಟ್ಟಿದ್ದರು, ಆಮೇಲೆ ಅದನ್ನೂ ನವೆಂಬರಿಗೆ ತಳ್ಳಿದರು. ಈ ನಡುವೆ ಆಗಿನ ಯುದ್ಧ ಮಂತ್ರಿ, ಆಮೇಲೆ ಪ್ರಧಾನಿಯಾದ ಕೆರೆನ್ಸ್ಕಿ ಜುಲೈ ಮೊದಲ ದಿನ ಆಸ್ಟ್ರಿಯಾದ ಗಲೀಸಿಯಾದಲ್ಲಿ ಹೊಸ ದಾಳಿ ಶುರು ಮಾಡಿದ. ಮಿತ್ರದೇಶಗಳ ಒತ್ತಡವೂ ಇತ್ತು. ಕೆಲವೇ ವಾರಕ್ಕೆ ದಾಳಿ ಕುಸಿಯಿತು. ಸಿಪಾಯಿಗಳು ಬಂದೂಕು ಬಿಟ್ಟು ಊರ ದಾರಿ ಹಿಡಿದರು, ಊರಲ್ಲಿ ಜಮೀನ್ದಾರನ ಹೊಲ ಹಂಚುವುದು ಆಗಲೇ ಶುರುವಾಗಿತ್ತು.

ಬೋಲ್ಶೆವಿಕರು ಅಧಿಕಾರ ಹಿಡಿದ ಮರುದಿನವೇ ಹೊರಡಿಸಿದ ಭೂಮಿ ಶಾಸನ ಇದೆಯಲ್ಲ, ಅದರ ತಿರುಳು ಎಸ್‌ಆರ್‌ಗಳದ್ದೇ. ಹಳ್ಳಿಗಳಿಂದ ಬಂದ 242 ಮನವಿಗಳನ್ನು ಒಟ್ಟು ಮಾಡಿ ಆಗಸ್ಟಿನಲ್ಲಿ ಅಚ್ಚಾಗಿದ್ದ ಬೇಡಿಕೆ ಪಟ್ಟಿ ಅದು. ಚೆರ್ನೋವ್ ಸ್ವತಃ ಕೃಷಿ ಮಂತ್ರಿಯಾಗಿದ್ದ. ಅವನ ಮೇಜಿನ ಮೇಲೇ ಇದ್ದ ಕೆಲಸವನ್ನು ಸರ್ಕಾರದ ಉಳಿದವರು ಮಾಡಲು ಬಿಡಲಿಲ್ಲ.

ಹಾಗಾಗಿ ನನ್ನ ಊಹೆ ಇದು. ಜುಲೈ ದಾಳಿ ಇಲ್ಲ. ಸೈನ್ಯ ಇದ್ದಲ್ಲೇ ನಿಲ್ಲುತ್ತದೆ. ಭೂಮಿ ಶಾಸನ ಚೆರ್ನೋವ್ ಹೆಸರಲ್ಲಿ ಜೂನಿನಲ್ಲೇ ಬರುತ್ತದೆ. ಚುನಾವಣೆ ಸೆಪ್ಟೆಂಬರಿಗೆ ನಡೆಯುತ್ತದೆ. ಆಗ ಲೆನಿನ್ ಕೈಯಲ್ಲಿ "ಶಾಂತಿ, ಭೂಮಿ, ರೊಟ್ಟಿ" ಅನ್ನುವ ಘೋಷಣೆಯ ಮೂರರಲ್ಲಿ ರೊಟ್ಟಿ ಒಂದೇ ಉಳಿಯುತ್ತದೆ.

ಬಯಲುಸೀಮೆ ರೈತ

ನಾನು ಇತಿಹಾಸ ಓದಿದವನಲ್ಲ, ಜಮೀನು ನೋಡಿಕೊಳ್ಳುವವನು. ಆದರೂ ಒಂದು ಮಾತು. ರೊಟ್ಟಿ ಒಂದೇ ಉಳಿಯುತ್ತದೆ ಅಂದಿರಿ, ಆ ಒಂದೇ ಸಾಕು ಸರ್ಕಾರ ಬೀಳಿಸಲು.

ಜಮೀನ್ದಾರನ ಹೊಲ ಹಂಚಿದ ಮೇಲೆ ಏನಾಗುತ್ತದೆ? ರೈತ ಮೊದಲು ತಾನು ಹೊಟ್ಟೆ ತುಂಬ ಉಣ್ಣುತ್ತಾನೆ. ಇಷ್ಟು ವರ್ಷ ಉಂಡಿರಲಿಲ್ಲ, ಪಾಪ. ಮಿಕ್ಕಿದ್ದನ್ನು ಮಾರಬೇಕು ಅಂದರೆ ಆ ದುಡ್ಡಿಗೆ ಉಪ್ಪು, ಬಟ್ಟೆ, ಮೊಳೆ, ನೇಗಿಲ ಗುಳ ಸಿಗಬೇಕು. ಯುದ್ಧದಲ್ಲಿ ಕಾರ್ಖಾನೆಗಳೆಲ್ಲ ಮದ್ದುಗುಂಡು ಮಾಡುತ್ತಿದ್ದವು. ಕಾಗದದ ನೋಟಿಗೆ ಯಾರು ಗೋಧಿ ಕೊಡುತ್ತಾರೆ? ಚೆರ್ನೋವ್ ಇದ್ದರೂ ಪಟ್ಟಣದಲ್ಲಿ ಹಸಿವು ಇದ್ದೇ ಇರುತ್ತಿತ್ತು. ಅದಕ್ಕೆ ಏನು ಮಾಡುತ್ತಿದ್ದರು ಅನ್ನೋದು ನನಗೆ ಮುಖ್ಯ. ಬಂದೂಕು ಕಳಿಸಿ ಧಾನ್ಯ ಕಿತ್ತುಕೊಳ್ಳುತ್ತಿದ್ದರಾ, ಇಲ್ಲಾ ಬೆಲೆ ಕೊಡುತ್ತಿದ್ದರಾ?

ತುಂಗಾತೀರ

ಅಣ್ಣಾ, ನೀವು ಗಂಟಿನ ಮೇಲೇ ಬೆರಳಿಟ್ಟಿರಿ. ತಾತ್ಕಾಲಿಕ ಸರ್ಕಾರ ಕೂಡ ಧಾನ್ಯಕ್ಕೆ ನಿಗದಿ ಬೆಲೆ ಹಾಕಿ ಮಿಕ್ಕಿದ್ದೆಲ್ಲ ಸರ್ಕಾರಕ್ಕೇ ಮಾರಬೇಕು ಅಂದಿತ್ತು. ಅದು ಸರಿಯಾಗಿ ನಡೆಯಲಿಲ್ಲ.

ಆದರೆ ಅಲ್ಲಿ ಇನ್ನೊಂದು ದಾರಿಯೂ ಇತ್ತು, ಸಹಕಾರ ಸಂಘಗಳು. ಯುದ್ಧಕ್ಕೆ ಮೊದಲಿನ ಹತ್ತು ವರ್ಷದಲ್ಲಿ ರಷ್ಯಾದ ಹಳ್ಳಿಗಳಲ್ಲಿ ಇವು ಭಾರೀ ಬೆಳೆದವು. ಸಾಲದ ಸಂಘ, ಅಗಸೆ ನಾರಿನ ಸಂಘ, ಸೈಬೀರಿಯಾದಲ್ಲಿ ಬೆಣ್ಣೆ ಸಂಘ. ಸೈಬೀರಿಯಾದ ರೈತರ ಬೆಣ್ಣೆ ರೈಲು ಹತ್ತಿ ಬಾಲ್ಟಿಕ್ ಬಂದರಿಗೆ ಹೋಗಿ ಅಲ್ಲಿಂದ ಬ್ರಿಟನ್ನಿಗೆ ಹೋಗುತ್ತಿತ್ತು. ಅಲೆಕ್ಸಾಂದರ್ ಚಯಾನೋವ್ ಅನ್ನುವ ಅರ್ಥಶಾಸ್ತ್ರಜ್ಞ ಈ ಸಂಘಗಳ ಜೊತೆಯಲ್ಲೇ ಕೆಲಸ ಮಾಡಿದವನು. ಅವನ ವಾದ ಸರಳ. ರೈತನ ಮನೆ ಅಂದರೆ ಪುಟ್ಟ ಕಾರ್ಖಾನೆ ಅಲ್ಲ, ಅಲ್ಲಿ ಕೂಲಿ ಲೆಕ್ಕ ಇಲ್ಲ, ಉಣ್ಣುವ ಬಾಯಿ ಎಷ್ಟು, ದುಡಿಯುವ ಕೈ ಎಷ್ಟು ಅನ್ನುವ ಲೆಕ್ಕ. ಹೊಲ ಮನೆಯವರ ಕೈಯಲ್ಲೇ ಇರಲಿ, ಹಾಲು ಕಡೆಯುವುದು, ಮಾರುವುದು, ಯಂತ್ರ ಕೊಳ್ಳುವುದು ಸಂಘದ ಮೂಲಕ ಆಗಲಿ ಅಂದ. ನಾವು ಹಾಲಿನ ಡೇರಿ ನೋಡಿ ಬೆಳೆದವರು, ಇದು ನಮಗೆ ಸುಲಭವಾಗಿ ಅರ್ಥವಾಗುತ್ತದೆ.

1920ರಲ್ಲಿ ಇದೇ ಚಯಾನೋವ್ ಬೇರೆ ಹೆಸರಲ್ಲಿ ಒಂದು ಕಥೆ ಬರೆದ. 1984ರ ಮಾಸ್ಕೋ. ರೈತರ ಪಕ್ಷ ಆಳುತ್ತಿದೆ, ದೊಡ್ಡ ಪಟ್ಟಣಗಳನ್ನು ಕಾಯ್ದೆ ತಂದು ತೆಗೆದುಬಿಟ್ಟಿದ್ದಾರೆ. ಅಂದರೆ ನಾವು ಇವತ್ತು ಇಲ್ಲಿ ಕೂತು ಮಾಡುತ್ತಿರುವ ಊಹೆಯನ್ನು ಅವನು ಅಲ್ಲೇ, ಆಗಲೇ ಮಾಡಿದ್ದ. 1930ರಲ್ಲಿ ಅವನನ್ನು ಹಿಡಿದರು, 1937ರಲ್ಲಿ ಗುಂಡಿಟ್ಟರು.

ಲೆಕ್ಕದ ಮೇಷ್ಟ್ರು

ಇಷ್ಟು ಹೊತ್ತು ಓದುತ್ತಾ ಇದ್ದೆ. ಬೆಣ್ಣೆ, ಅಗಸೆ, ಸಂಘ ಎಲ್ಲಾ ಸರಿ. ಹಿಟ್ಲರ್ ದಾಳಿ ಮಾಡಿದ 1941ರ ಜೂನ್ 22ಕ್ಕೆ ಏನು ಮಾಡುತ್ತೀರಿ?

ಮಾಗ್ನಿತೊಗೋರ್ಸ್ಕ್ ಉಕ್ಕಿನ ಪಟ್ಟಣವನ್ನು 1929ರಲ್ಲಿ ಶುರು ಮಾಡಿ 1932ರಲ್ಲಿ ಮೊದಲ ಕಬ್ಬಿಣ ತೆಗೆದರು. ಅದು ಉರಾಲ್ ಬೆಟ್ಟದ ತುದಿಯಲ್ಲಿ ಇದ್ದಿದ್ದಕ್ಕೇ ಜರ್ಮನರ ಕೈಗೆ ಸಿಗಲಿಲ್ಲ. ದಾಳಿಯಾದ ಆರು ತಿಂಗಳೊಳಗೆ 1,500ಕ್ಕೂ ಹೆಚ್ಚು ಕಾರ್ಖಾನೆಗಳನ್ನು ಬಿಚ್ಚಿ ರೈಲಿಗೆ ಹಾಕಿ ಪೂರ್ವಕ್ಕೆ ಸಾಗಿಸಿದರು. ಬೆಣ್ಣೆ ಮಾರುವ ದೇಶಕ್ಕೆ ಇದು ಆಗುತ್ತಿತ್ತೇ? ಸೋವಿಯತ್ ಒಕ್ಕೂಟ ಆ ಯುದ್ಧದಲ್ಲಿ 2 ಕೋಟಿ 70 ಲಕ್ಷ ಜನರನ್ನು ಕಳೆದುಕೊಂಡಿತು, ಉಕ್ಕು ಇದ್ದೂ. ಇಲ್ಲದಿದ್ದರೆ? ಹಿಟ್ಲರನಿಗೆ ಆ ನೆಲ ಬೇಕಿತ್ತು, ಅಲ್ಲಿಯ ಜನ ಬೇಕಿರಲಿಲ್ಲ. ಈ ಪ್ರಶ್ನೆಗೆ ಉತ್ತರ ಕೊಡದೆ ಚಯಾನೋವನ ಕನಸು ಕಾಣುವುದು ನನ್ನಿಂದ ಆಗುವುದಿಲ್ಲ.

ಅನುಪಲ್ಲವಿ

ಮೇಷ್ಟ್ರೇ, ಹಿಟ್ಲರ್ ಬಂದೇ ಬರುತ್ತಿದ್ದ ಅಂತ ಯಾಕೆ ಇಟ್ಟುಕೊಂಡಿರಿ?

ಬೋಲ್ಶೆವಿಕರಿಲ್ಲದಿದ್ದರೆ ಮೊದಲು ಬದಲಾಗುವುದು ಜರ್ಮನಿಯೇ. ಲೆನಿನ್ ಸರ್ಕಾರ 1918ರಲ್ಲಿ ಜರ್ಮನಿ ಜೊತೆ ಮಾಡಿಕೊಂಡ ಬ್ರೆಸ್ಟ್ ಶಾಂತಿ ಒಪ್ಪಂದ ಇಲ್ಲ. ರಷ್ಯಾ ಗೆದ್ದವರ ಸಾಲಲ್ಲಿ ಕೂರುತ್ತದೆ. ಯುದ್ಧ ಮುಗಿದ ಮೇಲೆ ಗೆದ್ದವರು ಜರ್ಮನಿ ಮೇಲೆ ಹೇರಿದ ವರ್ಸೇ (ವರ್ಸೇಲ್ಸ್) ಒಪ್ಪಂದದ 116ನೇ ವಿಧಿ ನೋಡಿ, ರಷ್ಯಾ ಜರ್ಮನಿಯಿಂದ ಪರಿಹಾರ ಕೇಳುವ ಹಕ್ಕನ್ನು ಅದರಲ್ಲಿ ತೆಗೆದಿಟ್ಟಿದ್ದರು. ರಷ್ಯಾದವರಿಗೆ ಅಂತ ಒಂದು ಕುರ್ಚಿ ಖಾಲಿ ಇಟ್ಟ ಹಾಗೆ.

ಆಮೇಲೆ 1922ರ ರಪಾಲೊ ಒಪ್ಪಂದ. ಎಲ್ಲರೂ ದೂರ ಇಟ್ಟ ಎರಡು ದೇಶ, ಜರ್ಮನಿ ಮತ್ತು ಸೋವಿಯತ್ ರಷ್ಯಾ, ಕೈ ಹಿಡಿದವು. ಲಿಪೆತ್ಸ್ಕ್‌ನಲ್ಲಿ ಜರ್ಮನ್ ಪೈಲಟ್‌ಗಳು, ಕಜಾನ್ ಹತ್ತಿರ ಜರ್ಮನ್ ಟ್ಯಾಂಕಿನವರು ಗುಟ್ಟಾಗಿ ತರಬೇತಿ ಪಡೆದರು. ವರ್ಸೇ ಒಪ್ಪಂದದ ಪ್ರಕಾರ ಅವರು ತಮ್ಮ ದೇಶದಲ್ಲಿ ಟ್ಯಾಂಕ್ ಇಟ್ಟುಕೊಳ್ಳುವ ಹಾಗಿರಲಿಲ್ಲ. ಪೆಟ್ರೋಗ್ರಾದಿನಲ್ಲಿ ಫ್ರಾನ್ಸಿನ ಗೆಳೆಯರ ಸರ್ಕಾರ ಇದ್ದಿದ್ದರೆ ಇದು ನಡೆಯುತ್ತಿರಲಿಲ್ಲ.

ಇನ್ನು 1932. ನವೆಂಬರ್ ಚುನಾವಣೆಯಲ್ಲಿ ನಾಜಿಗಳಿಗೆ ನೂರಕ್ಕೆ 33, ಸೋಷಿಯಲ್ ಡೆಮಾಕ್ರಟರಿಗೆ 20, ಕಮ್ಯುನಿಸ್ಟರಿಗೆ 17. ಈ ಕೊನೆಯ ಇಬ್ಬರೂ ಸೇರಿದ್ದರೆ ನಾಜಿಗಳಿಗಿಂತ ಜಾಸ್ತಿ. ಆದರೆ ಮಾಸ್ಕೋ ಮಾತು ಕೇಳಿ ಕಮ್ಯುನಿಸ್ಟರು ಸೋಷಿಯಲ್ ಡೆಮಾಕ್ರಟರನ್ನೇ ದೊಡ್ಡ ಶತ್ರು ಅಂದುಕೊಂಡಿದ್ದರು. "ಕೆಂಪು ಭೂತ ಬಂತು" ಅನ್ನುವ ಹೆದರಿಕೆಯಿಂದಲೇ ಎಷ್ಟೋ ಅಂಗಡಿಯವರು, ಜಮೀನುದಾರರು ಹಿಟ್ಲರ್ ಕಡೆ ವಾಲಿದ್ದು.

ಲೆಕ್ಕದ ಮೇಷ್ಟ್ರು

ಭೂತದ ಹೆದರಿಕೆ ಕಮ್ಮಿಯಾಗುತ್ತಿತ್ತು, ಒಪ್ಪುತ್ತೇನೆ. ಆದರೆ ಜರ್ಮನಿಯ ಸೋಲು, ಬೆಲೆ ಏರಿಕೆ, 1929ರ ಕುಸಿತ, ಕೆಲಸ ಇಲ್ಲದ ಲಕ್ಷಾಂತರ ಜನ ಇವು ಯಾವುವೂ ಹೋಗುವುದಿಲ್ಲವಲ್ಲಮ್ಮಾ. ರಷ್ಯಾ ಕೂಡ ಪರಿಹಾರ ಕೇಳಿದರೆ ಜರ್ಮನಿಯ ಸಿಟ್ಟು ಇನ್ನೂ ಜಾಸ್ತಿಯೇ ಆಗುತ್ತದೆ. ಹಿಟ್ಲರ್ ಅಲ್ಲದಿದ್ದರೆ ಇನ್ನೊಬ್ಬ ಜನರಲ್. ನಾನು ಅರ್ಧ ಮಾತ್ರ ಒಪ್ಪಿದೆ ಅಂತ ಬರೆದುಕೊಳ್ಳಿ.

ಹಳೇಪೇಟೆ

ಇಲ್ಲಿ ಒಂದು ವಿಷಯ ಯಾರೂ ಎತ್ತಿಲ್ಲ. ಬೋಲ್ಶೆವಿಕರು ಸೋತಿದ್ದರೆ ಗೆಲ್ಲುತ್ತಿದ್ದವರು ಚೆರ್ನೋವ್ ಥರದವರಾ? ನನ್ನ ಲೆಕ್ಕದಲ್ಲಿ ಅಂತರ್ಯುದ್ಧದಲ್ಲಿ ಬೋಲ್ಶೆವಿಕರ ಕೆಂಪು ಸೈನ್ಯದ ವಿರುದ್ಧ ಹೋರಾಡಿದ ಬಿಳಿ ಸೈನ್ಯದ ಜನರಲ್‌ಗಳು. ಅವರಲ್ಲೊಬ್ಬ ದೆನಿಕಿನ್ "ಒಂದೇ ರಷ್ಯಾ, ಒಡೆಯದ ರಷ್ಯಾ" ಅಂತ ಹೊರಟವನು. ಉಕ್ರೇನಿನವರಿಗೆ, ಪೋಲೆಂಡಿನವರಿಗೆ, ಎಸ್ತೋನಿಯಾದವರಿಗೆ ಇದು ಹೇಗೆ ಕೇಳಿಸಿರಬೇಡ. 1919ರಲ್ಲಿ ಅವನ ಸೈನ್ಯ ಉಕ್ರೇನಿನ ಫಾಸ್ತಿವ್ ಪಟ್ಟಣದಲ್ಲಿ ಯಹೂದಿಗಳನ್ನು ಕೊಂದದ್ದನ್ನು ಓದಿದರೆ ನಿದ್ದೆ ಬರುವುದಿಲ್ಲ. ಉಕ್ರೇನಿನ ಸೈನ್ಯಗಳೂ, ಪುಂಡ ಗುಂಪುಗಳೂ ಅದನ್ನೇ ಮಾಡಿದವು, ಕೆಲವು ಕಡೆ ಕೆಂಪು ಸೈನ್ಯದವರೂ. ಆ ವರ್ಷಗಳಲ್ಲಿ ಸತ್ತ ಯಹೂದಿಗಳು ಹತ್ತಾರು ಸಾವಿರ.

"ಕಮ್ಯುನಿಸ್ಟರಿಲ್ಲದ ರಷ್ಯಾ" ಅಂದ ತಕ್ಷಣ ಅದು ಒಳ್ಳೆಯ ರಷ್ಯಾ ಆಗುವುದಿಲ್ಲ. ಬಲ್ಗೇರಿಯಾ ನೋಡಿ. ಅಲ್ಲಿ ನಿಜವಾಗಿಯೂ ರೈತರ ಪಕ್ಷ ಆಳಿತು, ಸ್ತಾಂಬೊಲಿಸ್ಕಿ 1919ರಿಂದ ಪ್ರಧಾನಿ. ಜಾಸ್ತಿ ಭೂಮಿ ಇದ್ದವರಿಂದ ತೆಗೆದು ಇಲ್ಲದವರಿಗೆ ಹಂಚಿದ. 1923ರ ಜೂನಿನಲ್ಲಿ ಸೈನ್ಯ ಸೇರಿ ಅವನನ್ನು ಬೀಳಿಸಿತು, ಹಿಂಸೆ ಕೊಟ್ಟು ಕೊಂದರು. ತುಂಗಾತೀರ ಅವರ ರಷ್ಯಾಕ್ಕೆ ಇದೇ ಗತಿ ಅಂತ ನನಗೆ ಅನ್ನಿಸುತ್ತದೆ.

ಕಾವೇರಿ ದಂಡೆ

ಸ್ವಲ್ಪ ಬೇರೆ ಕಡೆಯಿಂದ ಬರುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ನಾವು ಚಿಕ್ಕವರಿದ್ದಾಗ ಸೋವಿಯತ್ ಪತ್ರಿಕೆಯ ನುಣುಪು ಹಾಳೆಯಲ್ಲೇ ಶಾಲೆ ಪುಸ್ತಕಕ್ಕೆ ಬೈಂಡ್ ಹಾಕುತ್ತಿದ್ದೆವು. ಗಣಿತದ ಪುಸ್ತಕದ ಮೇಲೆ ಟ್ರ್ಯಾಕ್ಟರ್, ವಿಜ್ಞಾನದ ಪುಸ್ತಕದ ಮೇಲೆ ನಗುವ ಹುಡುಗಿಯರು. ನವಕರ್ನಾಟಕದ ಮಳಿಗೆಯಲ್ಲಿ ಕೆಲವೇ ರೂಪಾಯಿಗೆ ದಪ್ಪ ರಟ್ಟಿನ ರಷ್ಯನ್ ಪುಸ್ತಕ ಸಿಗುತ್ತಿತ್ತು. ನಮ್ಮಪ್ಪನ ಸಂಬಳದಲ್ಲಿ ಬೇರೆ ಯಾವ ದೇಶದ ಪುಸ್ತಕವೂ ಮನೆಗೆ ಬರುತ್ತಿರಲಿಲ್ಲ. ಪೀಣ್ಯದ ಶೆಡ್ಡುಗಳಲ್ಲಿ ಕಟ್ಟಿದ ಆರ್ಯಭಟ 1975ರ ಏಪ್ರಿಲ್ 19ಕ್ಕೆ ಮೇಲೆ ಹೋದದ್ದು ಸೋವಿಯತ್ ರಾಕೆಟ್ಟಿನಲ್ಲಿ. ಭಿಲಾಯಿ ಉಕ್ಕು ಅವರದ್ದೇ ಸಹಾಯ. ಆ ದೇಶ ಇರದೇ ಹೋಗಿದ್ದರೆ ಇದು ಯಾವುದೂ ಇಲ್ಲ. ಅದಕ್ಕೇ ಈ ಚರ್ಚೆ ಓದುವಾಗ ಮನಸ್ಸಿಗೆ ಏನೋ ಒಂಥರಾ ಆಗುತ್ತದೆ. ನಮಗೆ ಒಳ್ಳೆಯದು ಮಾಡಿದ ದೇಶ ಅದು. ಅದೇ ದೇಶ 1932–33ರಲ್ಲಿ ಉಕ್ರೇನ್, ಕಜಾಕಿಸ್ತಾನದ ಹಳ್ಳಿಗಳಿಂದ ಧಾನ್ಯ ಬಾಚಿಕೊಂಡು ಲಕ್ಷಗಟ್ಟಲೆ ಜನರನ್ನು ಸಾಯಲು ಬಿಟ್ಟಿತು ಅಂತ ನನಗೆ ಗೊತ್ತಾದದ್ದು ನಲವತ್ತು ದಾಟಿದ ಮೇಲೆ. ಎರಡನ್ನೂ ಒಟ್ಟಿಗೆ ಇಟ್ಟುಕೊಳ್ಳುವುದು ಕಷ್ಟ.

ಅನುಪಲ್ಲವಿ

ಅಕ್ಕಾ, ನೀವು ಬರೆದದ್ದು ಓದಿ ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದೆ. ಒಂದು ಮಾತು ಮಾತ್ರ. ರಾಕೆಟ್ಟಿನ ಲೆಕ್ಕ ಬರೆದ ತ್ಸಿಯೊಲ್ಕೋವ್ಸ್ಕಿ ಕಲುಗಾ ಪಟ್ಟಣದಲ್ಲಿ ಶಾಲೆ ಮೇಷ್ಟ್ರಾಗಿದ್ದವನು, ಅದನ್ನು ಅಚ್ಚು ಹಾಕಿಸಿದ್ದು 1903ರಲ್ಲಿ. ಆ ತಲೆಗಳು ಕ್ರಾಂತಿಗೆ ಮೊದಲೇ ಇದ್ದವು. ಕ್ರಾಂತಿ ಆದ ಮೇಲೆ ಹೊರಟು ಹೋದವರೂ ಇದ್ದಾರೆ, ವಿಮಾನ ಕಟ್ಟುತ್ತಿದ್ದ ಸಿಕೋರ್ಸ್ಕಿ ಅಮೆರಿಕಕ್ಕೆ ಹೋಗಿ ಹೆಲಿಕಾಪ್ಟರ್ ಮಾಡಿದ. ನಮ್ಮ ಕನಕಪುರ ರಸ್ತೆಯ ತಾತಗುಣಿ ಎಸ್ಟೇಟಿನಲ್ಲಿ ನಟಿ ದೇವಿಕಾ ರಾಣಿ ಜೊತೆ ಇದ್ದ ಚಿತ್ರಕಲಾವಿದ ಸ್ವೆತೊಸ್ಲಾವ್ ರೋರಿಕ್ ಹುಟ್ಟಿದ್ದು ಸೇಂಟ್ ಪೀಟರ್ಸ್‌ಬರ್ಗಿನಲ್ಲಿ, 1904ರಲ್ಲಿ. ಕ್ರಾಂತಿಯಾದ ಮೇಲೆ ಆ ಕುಟುಂಬ ಮತ್ತೆ ಅಲ್ಲಿ ನೆಲೆಯಾಗಲಿಲ್ಲ. ಆ ಸಭೆ ಉಳಿದಿದ್ದರೆ ಅವರು ಬೆಂಗಳೂರಿನಲ್ಲಿ ಮಣ್ಣಾಗುತ್ತಿರಲಿಲ್ಲವೇನೋ.

ಬಯಲುಸೀಮೆ ರೈತ

ತುಂಗಾತೀರ ಸರ್, ಬಲ್ಗೇರಿಯಾದ ಮಾತಿಗೆ ನೀವು ಉತ್ತರ ಕೊಟ್ಟಿಲ್ಲ.

ತುಂಗಾತೀರ

ಕೊಡುತ್ತೇನೆ. ಎರಡು ದಿನ ಅದನ್ನೇ ಯೋಚಿಸುತ್ತಿದ್ದೆ.

ಬಲ್ಗೇರಿಯಾ ಒಂದೇ ಅಲ್ಲ. ಪೋಲೆಂಡಿನಲ್ಲಿ 1926ಕ್ಕೆ ಪಿಲ್ಸುದ್ಸ್ಕಿ ಸೈನ್ಯದೊಂದಿಗೆ ಬಂದ. ಎಸ್ತೋನಿಯಾ, ಲಾತ್ವಿಯಾ ಎರಡರಲ್ಲೂ 1934ಕ್ಕೆ ಸರ್ವಾಧಿಕಾರ. ಹಾಗಾಗಿ ನನ್ನ ರೈತ ಗಣರಾಜ್ಯವೂ 1925ರ ಆಸುಪಾಸಿನಲ್ಲಿ ಒಬ್ಬ ಜನರಲ್ ಕೈಗೆ ಬೀಳುವ ಸಾಧ್ಯತೆ ಜಾಸ್ತಿ. ಹಳೇಪೇಟೆ ಅವರಿಗೆ ಇದನ್ನು ಬಿಟ್ಟುಕೊಡುತ್ತೇನೆ. ಉಕ್ರೇನ್ ವಿಷಯದಲ್ಲೂ ಜಗಳ ತಪ್ಪುತ್ತಿರಲಿಲ್ಲ. 1917ರ ಜುಲೈನಲ್ಲಿ ಕೀವ್‌ನ ರಾದಾಕ್ಕೆ, ಅಂದರೆ ಉಕ್ರೇನಿನವರ ಸಭೆಗೆ, ಸ್ವಲ್ಪ ಸ್ವಾಯತ್ತೆ ಕೊಡುತ್ತೇವೆ ಅಂದಿದ್ದಕ್ಕೇ ಉದಾರವಾದಿಗಳ ಕಡೆತ್ ಪಕ್ಷದ ಮಂತ್ರಿಗಳು ರಾಜೀನಾಮೆ ಎಸೆದರು.

ಆದರೆ ಅದೇ ಎಸ್ತೋನಿಯಾವನ್ನು ಇನ್ನೊಮ್ಮೆ ನೋಡಿ. ತ್ಸಾರ್ ಆಳಿದ ನೆಲವೇ. 1919ರಲ್ಲಿ ಜರ್ಮನ್ ಬ್ಯಾರನ್‌ಗಳ, ಅಂದರೆ ದೊಡ್ಡ ಜಮೀನ್ದಾರರ, ಭೂಮಿ ತೆಗೆದು ರೈತರಿಗೆ ಹಂಚಿದರು. ಇಪ್ಪತ್ತು ವರ್ಷ ಆ ರೈತರು ಬೆಣ್ಣೆ, ಹಂದಿಮಾಂಸ ಮಾರಿ ಬದುಕಿದರು. ಸರ್ವಾಧಿಕಾರ ಬಂದ ಮೇಲೂ ಹಳ್ಳಿಗಳಲ್ಲಿ ಬರಗಾಲ ಬರಲಿಲ್ಲ. ಜಾರ್ಜಿಯಾ ಇನ್ನೂ ಹತ್ತಿರದ ಉದಾಹರಣೆ. 1918ರ ಮೇ 26ಕ್ಕೆ ಸ್ವತಂತ್ರವಾಯಿತು. ನೋಯ್ ಝೊರ್ದಾನಿಯಾನ ಮೆನ್ಶೆವಿಕರು, ಬೋಲ್ಶೆವಿಕರಿಂದ ಬೇರೆಯಾಗಿದ್ದ ಸಮಾಜವಾದಿಗಳು, 1919ರಲ್ಲಿ ಚುನಾವಣೆ ನಡೆಸಿ ಗೆದ್ದರು, ಗೆದ್ದವರಲ್ಲಿ ಐವರು ಹೆಂಗಸರು. ಭೂಮಿ ಹಂಚಿದರು. ವಿರೋಧ ಪಕ್ಷಗಳೂ, ಅವರ ಪತ್ರಿಕೆಗಳೂ ಇದ್ದವು. ತಪ್ಪುಗಳನ್ನೂ ಮಾಡಿದರು, ಒಸೇತಿಯಾದವರ ಬಂಡಾಯವನ್ನು ಕ್ರೂರವಾಗಿ ತುಳಿದರು. ಆ ಸರ್ಕಾರ ತಾನಾಗಿ ಬೀಳಲಿಲ್ಲ, 1921ರ ಫೆಬ್ರವರಿಯಲ್ಲಿ ಕೆಂಪು ಸೈನ್ಯ ಗಡಿ ದಾಟಿ ಬಂದು ಬೀಳಿಸಿತು. ನನ್ನ ಊಹೆಗೆ ನೆಲ ಅಂತ ಇದ್ದರೆ ಈ ಎರಡು ಪುಟ್ಟ ದೇಶಗಳು.

ಹಾಗಾಗಿ ನನ್ನ ಕಣ್ಣಿಗೆ ಕಾಣುವ ರಷ್ಯಾ ಹೀಗಿದೆ. ಬಡ ದೇಶ. ಸಾಲ ಇದೆ. ಮಂತ್ರಿಮಂಡಲ ವರ್ಷಕ್ಕೊಮ್ಮೆ ಬೀಳುತ್ತದೆ. ಫಿನ್ಲೆಂಡ್, ಪೋಲೆಂಡ್ ಹೋಗಿವೆ, ಉಕ್ರೇನ್ ಅರ್ಧ ಒಳಗೆ ಅರ್ಧ ಹೊರಗೆ. ಕಾರ್ಖಾನೆಗಳು ನಿಧಾನವಾಗಿ ಬೆಳೆಯುತ್ತವೆ. ಆದರೆ 1921ರ ಬರಗಾಲ ಬಂದರೆ 50 ಲಕ್ಷ ಜನ ಸಾಯುವಷ್ಟು ಹೊತ್ತಿಗೆ ಮೊದಲೇ ಯಾವುದೋ ಪತ್ರಿಕೆ ಕೂಗುತ್ತದೆ, ಯಾವುದೋ ವಿರೋಧ ಪಕ್ಷದವನು ಎದ್ದು ನಿಲ್ಲುತ್ತಾನೆ. ಮೇಷ್ಟ್ರ 1941ಕ್ಕೆ ನನ್ನ ಹತ್ತಿರ ಪೂರ್ತಿ ಉತ್ತರ ಇಲ್ಲ. ಪ್ಯಾರಿಸ್ಸಿನ ಜೊತೆ ಗೆಳೆತನ ಉಳಿಸಿಕೊಂಡ ರಷ್ಯಾ ಇದ್ದರೆ ಯುದ್ಧ 1938ರಲ್ಲೇ, ಜೆಕೊಸ್ಲೊವಾಕಿಯಾದ ಗಡಿಯಲ್ಲೇ ನಿಲ್ಲುತ್ತಿತ್ತು ಅನ್ನುವ ಆಸೆ ಮಾತ್ರ ಇದೆ.

ಈ ಚರ್ಚೆ ಶುರು ಮಾಡಿದ್ದಕ್ಕೆ ಒಂದು ಕಾರಣ ಇದೆ, ಅದನ್ನೂ ಹೇಳಿಬಿಡುತ್ತೇನೆ. ಆ ಸಭೆಗೆ ಆರಿಸಿ ಬಂದವರಲ್ಲಿ ನಿಕೊಲಾಯ್ ಕೊಂದ್ರಾತ್ಯೆವ್ ಅಂತ ಒಬ್ಬ 25 ವರ್ಷದ ಹುಡುಗ ಇದ್ದ. ರೈತನ ಮಗ. ಕೆರೆನ್ಸ್ಕಿ ಸರ್ಕಾರದ ಕೊನೆಯ ದಿನಗಳಲ್ಲಿ ಆಹಾರ ಖಾತೆಯ ಉಪಮಂತ್ರಿ. ಅಂದರೆ ನಮ್ಮ ರೈತಣ್ಣ ಕೇಳಿದ ರೊಟ್ಟಿ ಪ್ರಶ್ನೆ ನಿಜವಾಗಿ ಅವನ ಮೇಜಿನ ಮೇಲೇ ಇತ್ತು. ಅವನ ಗೆಳೆಯ ಪಿತಿರಿಮ್ ಸೊರೋಕಿನ್ ಕೂಡ ಅದೇ ಸಭೆಗೆ ಆರಿಸಿ ಬಂದವನು. ಅವನನ್ನು 1922ರಲ್ಲಿ ದೇಶದಿಂದ ಹೊರಗೆ ಹಾಕಿದರು, ಹಾರ್ವರ್ಡ್‌ನಲ್ಲಿ ಸಮಾಜಶಾಸ್ತ್ರ ವಿಭಾಗ ಕಟ್ಟಿದ. ಕೊಂದ್ರಾತ್ಯೆವ್ ಅಲ್ಲೇ ಉಳಿದ. ಬೆಲೆಗಳು ಸುಮಾರು 50 ವರ್ಷಕ್ಕೊಮ್ಮೆ ಏರಿ ಇಳಿಯುವ ದೊಡ್ಡ ಅಲೆಗಳ ಬಗ್ಗೆ ಬರೆದ, ಇವತ್ತಿಗೂ ಆ ಅಲೆಗಳಿಗೆ ಅವನದ್ದೇ ಹೆಸರು. ಹಳ್ಳಿಯನ್ನು ಹಿಂಡಿ ಕಾರ್ಖಾನೆ ಕಟ್ಟಬೇಡಿ ಅಂದ. 1930ರಲ್ಲಿ ಹಿಡಿದರು. ಸುಜ್ದಾಲ್‌ನ ಜೈಲಿನಿಂದ ಹೆಂಡತಿಗೆ ಬರೆದ ಕಾಗದಗಳಲ್ಲಿ ತಾನು ಇನ್ನು ಮುಂದೆ ಬರೆಯಬೇಕು ಅಂದುಕೊಂಡ ಪುಸ್ತಕಗಳ ಬಗ್ಗೆ ಬರೆಯುತ್ತಿದ್ದ. 1938ರ ಸೆಪ್ಟೆಂಬರ್ 17ಕ್ಕೆ ಗುಂಡಿಟ್ಟರು. ಹೆಂಡತಿ ಆ ಕಾಗದಗಳನ್ನು ಉಳಿಸಿಕೊಂಡಳು.